ಮುಖ ಕಾಣದ ಏಜೆಂಟನ್ನು ಏಜೆಂಟ್ ನಂಬುವುದು ಹೇಗೆ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗಳು ಕೊನೆಯ ವರ್ಷದ ಪ್ರಾಜೆಕ್ಟ್‌ಗಾಗಿ ಲಾರಿ ಬಾಡಿಗೆ ಕುದುರಿಸುವ ಸಾಫ್ಟ್‌ವೇರ್ ಏಜೆಂಟ್‌ಗಳನ್ನು, ಅಂದರೆ ಮಾಲೀಕರ ಪರವಾಗಿ ತಾವೇ ನಿರ್ಧರಿಸುವ ಪ್ರೋಗ್ರಾಂಗಳನ್ನು, ಸಿದ್ಧಪಡಿಸುತ್ತಿದ್ದಾಳೆ. ಗಿರಣಿಯ ಏಜೆಂಟ್ ಹಲವು ಲಾರಿ ಏಜೆಂಟ್‌ಗಳಲ್ಲಿ ಒಂದನ್ನು ತಾನೇ ಆರಿಸುತ್ತದಂತೆ. ಯಾರನ್ನು ನಂಬಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ಒಮ್ಮೆ ಮೋಸ ಮಾಡಿದವನು ಹೊಸ ಹೆಸರಿನಲ್ಲಿ ಬಂದರೆ ಏನು ಗತಿ?

ಉತ್ತರ: ಒಪ್ಪಿಕೊಂಡ ಕೆಲಸವನ್ನು ಎದುರಿನ ಏಜೆಂಟ್ ಒಪ್ಪಿದಂತೆಯೇ ಮಾಡಿ ಮುಗಿಸುವ ಸಂಭವ ಎಷ್ಟು ಎಂಬ ಅಂದಾಜನ್ನೇ ಇಂಥ ಏಜೆಂಟ್‌ಗಳ ಅಧ್ಯಯನದಲ್ಲಿ ನಂಬಿಕೆ ಎನ್ನುತ್ತಾರೆ. ಇದಕ್ಕೆ ಲೆಕ್ಕದ ರೂಪ ಕೊಡಲು ಮೊದಮೊದಲು ಯತ್ನಿಸಿದವರಲ್ಲಿ ಸ್ಟೀಫನ್ ಮಾರ್ಷ್ ಪ್ರಮುಖರು. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಮಾಡಿದ 1994ರ ಪಿಎಚ್.ಡಿ. ಪ್ರಬಂಧದಲ್ಲಿ ಅವರು, ನಂಬಿಕೆಯ ಅಳತೆ ಒಂದು ಮಿತಿಯನ್ನು ದಾಟಿದಾಗ ಮಾತ್ರ ಏಜೆಂಟ್ ಸಹಕರಿಸಬೇಕು, ಅಪಾಯ ಹೆಚ್ಚಿದಂತೆ ಆ ಮಿತಿಯೂ ಏರಬೇಕು ಎಂದು ಸೂಚಿಸಿದರು. ಹತ್ತು ಚೀಲ ಕಳಿಸಲು ಸಾಕಾಗುವ ನಂಬಿಕೆ ಪೂರ್ತಿ ಲೋಡಿಗೆ ಸಾಲದು.

ಅಂದಾಜು ಮಾಡುವ ಸರಳ ವಿಧಾನವೊಂದನ್ನು 2002ರಲ್ಲಿ ಸಂಶೋಧಕರಾದ ಆಡುನ್ ಯೋಸಾಂಗ್ ಮತ್ತು ರೋಸ್ಲಾನ್ ಇಸ್ಮಾಯಿಲ್ ಮಂಡಿಸಿದರು. ಸರಿಯಾಗಿ ಮುಗಿದ ವ್ಯವಹಾರಗಳಿಗೆ ಒಂದನ್ನು ಕೂಡಿಸಿ, ಒಟ್ಟು ವ್ಯವಹಾರಗಳಿಗೆ ಎರಡನ್ನು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಬೇಕು. ಎರಡೇ ಲೋಡ್ ಸಾಗಿಸಿ ಎರಡನ್ನೂ ಸರಿಯಾಗಿ ಮುಟ್ಟಿಸಿದವನಿಗೆ 3/4, ಅಂದರೆ 0.75 ಸಿಗುತ್ತದೆ; ಐವತ್ತರಲ್ಲಿ ನಲವತ್ತೈದನ್ನು ಸರಿಯಾಗಿ ಮುಟ್ಟಿಸಿದವನಿಗೆ 46/52, ಅಂದರೆ ಸುಮಾರು 0.88. ನೂರಕ್ಕೆ ನೂರು ದಾಖಲೆಯವನು ಹಿಂದೆ ಬಿದ್ದದ್ದು ವಿಚಿತ್ರವೆನಿಸಬಹುದು, ಆದರೆ ಎರಡು ಲೋಡಿನ ಪುರಾವೆಯ ತೂಕ ಅಷ್ಟೇ. ಏನೂ ಗೊತ್ತಿಲ್ಲದ ಹೊಸಬನಿಗೆ 1/2.

ಹಳೆಯ ಹೆಸರಿನ ಬಲದಲ್ಲಿ ಈಚೆಗೆ ಕೆಟ್ಟವನನ್ನು ಹಿಡಿಯಬೇಕಾದರೆ ಹಳೆಯ ದಾಖಲೆಯ ತೂಕವನ್ನು ಕ್ರಮೇಣ ಇಳಿಸಬೇಕು. ಪ್ರತಿ ಹೊಸ ವ್ಯವಹಾರಕ್ಕೂ ಹಿಂದಿನ ಎಣಿಕೆಯನ್ನು 0.9ರಿಂದ ಗುಣಿಸುವುದು ಒಂದು ಕ್ರಮ. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸದ ಒಂದು ಪರಿಣಾಮವಿದೆ: ಹೀಗೆ ಮಾಡಿದರೆ ಎಷ್ಟು ವರ್ಷ ದುಡಿದರೂ ಪುರಾವೆಯ ಒಟ್ಟು ತೂಕ (1 + 0.9 + 0.81 + … ಎಂದು ಕೂಡುತ್ತ ಹೋದರೂ) ಹತ್ತನ್ನು ದಾಟುವುದಿಲ್ಲವಾದ್ದರಿಂದ, ಒಂದು ಬಾರಿಯೂ ತಪ್ಪದವನ ಅಂಕವೂ 11/12ರ, ಅಂದರೆ ಸುಮಾರು 0.92ರ, ಆಚೆ ಹೋಗುವುದಿಲ್ಲ. ನಿಮ್ಮ ಮಗಳು ಸಹಕಾರದ ಮಿತಿಯನ್ನು 0.95 ಎಂದು ಇಟ್ಟಿದ್ದರೆ ಆಕೆಯ ಏಜೆಂಟ್ ಯಾರಿಗೂ ಲೋಡ್ ಕೊಡದೆ ಕುಳಿತಿರುತ್ತದೆ.

ಇನ್ನೊಂದು ವಿಷಯ, ಒಂದೇ ಅಂಕ ಸಾಲದು. ಹೊತ್ತಿಗೆ ಸರಿಯಾಗಿ ತಲುಪಿಸುವವನು ಚೀಲದ ಲೆಕ್ಕದಲ್ಲಿ ಕೈಚಳಕ ತೋರಬಹುದು. ಸಣ್ಣ ಲೋಡುಗಳಲ್ಲಿ ಪ್ರಾಮಾಣಿಕನಾಗಿದ್ದು ಅಂಕ ಗಳಿಸಿಕೊಂಡು, ದೊಡ್ಡ ಲೋಡಿನಲ್ಲಿ ಕೈಕೊಡಬಹುದು. ಆದ್ದರಿಂದ ಸಮಯ, ತೂಕ, ಸರಕಿನ ಸ್ಥಿತಿ ಇವುಗಳನ್ನು ಪ್ರತ್ಯೇಕವಾಗಿ ದಾಖಲಿಸಿ, ಸರಕಿನ ಬೆಲೆಗೆ ತಕ್ಕಂತೆ ತೂಗಬೇಕು.

ಸ್ವಂತ ಅನುಭವವಿಲ್ಲದಾಗ ಏಜೆಂಟ್ ಇತರರನ್ನು ಕೇಳುತ್ತದೆ. ಸಿಂಧನೂರಿನ ಗಿರಣಿಯೊಂದರ ಏಜೆಂಟ್ "ಈ ಲಾರಿಯವರು ಒಳ್ಳೆಯವರು" ಎಂದರೆ ಆ ಮಾತಿಗೂ ತೂಕವಿರಬೇಕು. ಟ್ರಾವೋಸ್ ಎಂಬ ಮಾದರಿಯಲ್ಲಿ ಸಾಕ್ಷಿ, ಅಂದರೆ ಹೀಗೆ ಅಭಿಪ್ರಾಯ ಕೊಡುವ ಏಜೆಂಟ್, ಹಿಂದೆ ಹೇಳಿದ್ದಕ್ಕೂ ನಂತರ ಏಜೆಂಟಿಗೆ ಸ್ವತಃ ಆದ ಅನುಭವಕ್ಕೂ ಎಷ್ಟು ತಾಳೆಯಾಯಿತು ಎಂದು ನೋಡಿ, ತಾಳೆಯಾಗದವರ ಮಾತಿನ ಪ್ರಭಾವವನ್ನು ತಗ್ಗಿಸುತ್ತಾರೆ. ಫೈರ್ ಎಂಬ ಮತ್ತೊಂದು ಮಾದರಿ, ಹಳೆಯ ಗಿರಾಕಿಗಳು ಕೊಟ್ಟ ಪ್ರಮಾಣಪತ್ರಗಳನ್ನು ಲಾರಿ ಏಜೆಂಟೇ ತಂದು ತೋರಿಸಲು ಅವಕಾಶ ಕೊಡುತ್ತದೆ. ಕೆಟ್ಟ ಪತ್ರವನ್ನು ಯಾರೂ ತೋರಿಸುವುದಿಲ್ಲವಾದ್ದರಿಂದ ತೋರಿಸಿದ ಪತ್ರಗಳ ಹೊಗಳಿಕೆಯನ್ನು ಸ್ವಲ್ಪ ಕಡಿಮೆ ಮಾಡಿಯೇ ಓದಬೇಕು. ಏಜೆಂಟ್‌ಗಳು ಪರಸ್ಪರ ಸಂಪರ್ಕಿಸಲು 2025ರಲ್ಲಿ ಗೂಗಲ್ ಪ್ರಕಟಿಸಿದ ಏಜೆಂಟ್-ಟು-ಏಜೆಂಟ್ ನಿಯಮಾವಳಿಯ 'ಏಜೆಂಟ್ ಕಾರ್ಡ್' ಕೂಡ ಏಜೆಂಟ್ ತನ್ನ ಸಾಮರ್ಥ್ಯವನ್ನು ತಾನೇ ಹೇಳಿಕೊಳ್ಳುವ ವಿವರ. ಮಾತಿಗೆ ತಪ್ಪುವುದೋ ಇಲ್ಲವೋ ಎಂಬುದು ಅದರಿಂದ ತಿಳಿಯದು.

ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಗುರುತನ್ನು ಖಚಿತಪಡಿಸುವ ಕೇಂದ್ರ ವ್ಯವಸ್ಥೆಯಿಲ್ಲದೆ, ಒಬ್ಬನೇ ಹಲವು ಹೆಸರು ಧರಿಸುವುದನ್ನು ವಾಸ್ತವದಲ್ಲಿ ತಡೆಯಲಾಗದು ಎಂದು ಸಂಶೋಧಕ ಜಾನ್ ಡೌಸರ್ 2002ರಲ್ಲಿ ತೋರಿಸಿದರು. ಹೆಸರು ಪುಕ್ಕಟೆಯಾದಾಗ ಹೊಸಬರೆಲ್ಲರನ್ನೂ ಸಂಶಯದಿಂದ ಕಾಣಬೇಕಾಗುತ್ತದೆ, ಆ ದಂಡವನ್ನು ಪ್ರಾಮಾಣಿಕ ಹೊಸಬನೂ ತೆರುತ್ತಾನೆ. ನನ್ನ ಅಭಿಪ್ರಾಯದಲ್ಲಿ ಸೂತ್ರವನ್ನು ನಾಜೂಕುಗೊಳಿಸುವುದಕ್ಕಿಂತ ಇಲ್ಲಿ ಶ್ರಮ ಹಾಕುವುದು ಲಾಭದಾಯಕ. ಏಜೆಂಟಿನ ಹೆಸರಿಗೆ ಬದಲು ಲಾರಿಯ ನೋಂದಣಿ ಸಂಖ್ಯೆಗೆ ಮತ್ತು ಮಾಲೀಕರ ಜಿಎಸ್‌ಟಿ ಸಂಖ್ಯೆಗೆ ದಾಖಲೆಯನ್ನು ಜೋಡಿಸಿದರೆ ಹೆಸರು ಬದಲಿಸುವುದು ಸುಲಭವಾಗುವುದಿಲ್ಲ. ಹೊಸಬರಿಗೆ ಮೊದಲು ಕಡಿಮೆ ಬೆಲೆಯ ಲೋಡುಗಳನ್ನು, ಬೇಕಿದ್ದರೆ ಠೇವಣಿ ಇರಿಸಿಕೊಂಡು ಕೊಡಬಹುದು. ಪ್ರಾಜೆಕ್ಟಿನ ಪರೀಕ್ಷೆಯಲ್ಲಿ ಮೂರನೇ ಒಂದು ಭಾಗದಷ್ಟು ಸಾಕ್ಷಿಗಳು ಸುಳ್ಳು ಹೇಳುವಂತೆ, ಕೆಲವು ಲಾರಿಗಳು ಮಧ್ಯದಲ್ಲಿ ವರಸೆ ಬದಲಿಸುವಂತೆ ಮಾಡಿ, ಎಷ್ಟು ಲೋಡುಗಳ ನಂತರ ಗಿರಣಿಯ ಏಜೆಂಟ್ ಅದನ್ನು ಕಂಡುಹಿಡಿಯಿತು ಎಂದು ಅಳೆಯಲು ನಿಮ್ಮ ಮಗಳಿಗೆ ತಿಳಿಸಿ.