ವೆಸ್ನೋತ್ ಆಟದಲ್ಲಿ ಶೇ 60 ರಕ್ಷಣೆ ಇದ್ದರೂ ಈಟಿಗಾರ ಸತ್ತದ್ದೇಕೆ?

ಆಟ ಮೋಸ ಮಾಡಿಲ್ಲ. ‘ಬ್ಯಾಟಲ್ ಫಾರ್ ವೆಸ್ನೋತ್’ ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ಕೋಟೆಯ ಮನೆಯಲ್ಲಿ (ಆಟದ ನಕ್ಷೆಯ ಆರು ಬದಿಯ ಅಂಕಣದಲ್ಲಿ) ನಿಲ್ಲಿಸಿದ್ದ, ಒಂದು ಗಾಯವೂ ಇರದಿದ್ದ ಈಟಿಗಾರ ರಾತ್ರಿಯ ಒಂದೇ ಸರದಿಯಲ್ಲಿ ಮೂವರು ಓರ್ಕ್ ಗ್ರಂಟ್‌ಗಳಿಗೆ (ಕತ್ತಿ ಹಿಡಿದ ರಾಕ್ಷಸ ಕಾಲಾಳುಗಳಿಗೆ) ಬಲಿಯಾದ ಎಂದಿದ್ದೀರಿ. ಆ ಶೇ 60 ಏಟಿನ ಬಲವನ್ನು ತಗ್ಗಿಸುತ್ತದೆ ಎಂದು ನೀವು ಭಾವಿಸಿದಂತಿದೆ. ನಾನು ಚಿತ್ರದುರ್ಗದವನು, ಏಳು ಸುತ್ತಿನ ಕೋಟೆಯನ್ನು ದಿನವೂ ನೋಡುವವರಿಗೆ ಕೋಟೆ ಎಂದರೆ ಏಟು ತಡೆಯುವ ಕಲ್ಲು. ಈ ಆಟದ ಕೋಟೆ ಏಟನ್ನು ತಡೆಯುವುದಿಲ್ಲ, ಗುರಿಯನ್ನು ತಪ್ಪಿಸುತ್ತದೆ, ಅಷ್ಟೇ. ತಗಲಿದ ಏಟು ಪೂರ್ತಿಯಾಗಿಯೇ ತಗಲುತ್ತದೆ.

ಈಟಿಗಾರನ ಈಟಿಗೆ 7–3 ಎಂದಿರುತ್ತದೆ, ಅಂದರೆ 7ರ ಬಲದ ಮೂರು ಏಟು. ಗ್ರಂಟ್‌ನ ಕತ್ತಿಗೆ 9–2. ಇಬ್ಬರೂ ಒಂದೊಂದೇ ಏಟು ಹಾಕುತ್ತಾ ಹೋಗುತ್ತಾರೆ. ಸಾಮಾನ್ಯವಾಗಿ ಮೇಲೆ ಬಿದ್ದವನದು ಮೊದಲ ಏಟು. ಈಟಿಗಾರನಂಥವರು ಮಾತ್ರ ಬೇರೆಯವರು ದಾಳಿ ಮಾಡಿದಾಗಲೂ ತಾವೇ ಮೊದಲು ಚುಚ್ಚುತ್ತಾರೆ. ಹೀಗೆ ಈಟಿ, ಕತ್ತಿ, ಈಟಿ, ಕತ್ತಿ, ಕೊನೆಗೊಂದು ಈಟಿ. ಪ್ರತಿ ಏಟಿಗೂ ಪ್ರತ್ಯೇಕ ಅದೃಷ್ಟಪರೀಕ್ಷೆ: ಕೋಟೆಯಲ್ಲಿ ನಿಮ್ಮವನಿಗೆ ತಗಲುವ ಸಾಧ್ಯತೆ ಶೇ 40. ಎರಡು ಏಟು ತಪ್ಪಿದ ಮಾತ್ರಕ್ಕೆ ಮೂರನೆಯದು ತಗಲಲೇಬೇಕೆಂದಿಲ್ಲ; ಹಿಂದಿನ ಗರ ಯಾವುದಿತ್ತೆಂದು ಚೌಕಾಬಾರದ ಕವಡೆಗೆ ನೆನಪಿರುತ್ತದೆಯೇ?

ಈಗ ರಾತ್ರಿಯ ಲೆಕ್ಕ. ಕತ್ತಲಾದರೆ ಓರ್ಕ್‌ನ ಬಲ ಶೇ 25 ಏರುತ್ತದೆ, 9 ಇದ್ದದ್ದು 11. ನಿಮ್ಮವನದು ಅಷ್ಟೇ ಇಳಿದು 7 ಇದ್ದದ್ದು 5. ಈಟಿಗಾರನಿಗಿರುವುದು 36 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ. ನಾಲ್ಕು ಏಟಿಗೆ ಅವನ ಕಥೆ ಮುಗಿಯಿತು. ಮೂವರದು ಆರು ಏಟು, ಅದರಲ್ಲಿ ನಾಲ್ಕಾದರೂ ತಗಲುವ ಸಾಧ್ಯತೆ ಸುಮಾರು ಶೇ 18. ಅಪರೂಪವೇನಲ್ಲ. ಇಬ್ಬರೇ ಬಂದಿದ್ದರೆ ನಾಲ್ಕಕ್ಕೆ ನಾಲ್ಕೂ ತಗಲಬೇಕಿತ್ತು, ಅದು ಶೇ 3ಕ್ಕೂ ಕಡಿಮೆ. ಅದೇ ಮೂವರು ಹಗಲಲ್ಲಿ ಬಂದಿದ್ದರೆ ಅವರ ಬಲ ಶೇ 25 ಇಳಿದು ಏಟಿಗೆ 7 ಮಾತ್ರ. ಐದು ತಗಲಿದರೂ 35, ಒಂದು ಪಾಯಿಂಟ್ ಉಳಿಸಿಕೊಂಡು ನಿಂತಿರುತ್ತಿದ್ದ!

ಆದ್ದರಿಂದ ಶೇಕಡಾವಾರು ನೋಡುವ ಮೊದಲು ಆ ಮನೆಯ ಆರು ಬದಿಗಳಲ್ಲಿ ಶತ್ರುವಿಗೆ ತೆರೆದಿರುವುದು ಎಷ್ಟು ಎಂದು ಎಣಿಸಿ. ಓಬವ್ವನ ಕಥೆಯಲ್ಲಿ ಎಲ್ಲರೂ ಒನಕೆಯನ್ನು ಹೊಗಳುತ್ತಾರೆ; ನನ್ನ ಪ್ರಕಾರ ಅರ್ಧ ಕೆಲಸ ಮಾಡಿದ್ದು ಒಬ್ಬೊಬ್ಬನನ್ನೇ ಬಿಡುವ ಆ ಕಿಂಡಿ. ಆಟದಲ್ಲಿ ಅಕ್ಕಪಕ್ಕಕ್ಕೆ ಒಬ್ಬೊಬ್ಬನನ್ನು ನಿಲ್ಲಿಸಿ ನೇರ ಸಾಲು ಕಟ್ಟಿದರೆ ಮುಂದೆ ತೆರೆದಿರುವುದು ಎರಡೇ ಬದಿ. ಸಾಲು ಅಂಕುಡೊಂಕಾದರೆ ಮುಂದಕ್ಕೆ ಚಾಚಿಕೊಂಡವನಿಗೆ ಮೂರು. ಬೆಳಗಾದ ಮೇಲೆ ಬಿಲ್ಲುಗಾರನನ್ನು ಕಳುಹಿಸಿ: ಗ್ರಂಟ್‌ನ ಬಳಿ ದೂರದಿಂದ ಹೊಡೆಯುವ ಆಯುಧವಿಲ್ಲ, ಮೂರು ಬಾಣಕ್ಕೂ ಮರು ಏಟು ಬರುವುದಿಲ್ಲ.

ಮಾಂತ್ರಿಕರ ಮುಂದೆ ಮಾತ್ರ ಕೋಟೆಯನ್ನು ನಂಬಬೇಡಿ. ಎದುರಾಳಿ ಎಲ್ಲಿ ನಿಂತಿದ್ದರೂ ಅವರ ಮಂತ್ರದ ಏಟು ತಗಲುವ ಸಾಧ್ಯತೆ ಶೇ 70.