ಸಂಪಾದಕರ ಉತ್ತರ: ಆಪರೇಷನ್‌ಗೆ ಮೊದಲೇ ಹೇಳಿಬಿಡಿ

ದಾವಣಗೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಹಿರಿಮಗಳಿಗೆ ಸಿಸೇರಿಯನ್ ಆಯಿತು. ಮಗು ಗಟ್ಟಿಮುಟ್ಟಾಗಿದೆ. ಆದರೆ ಮಗಳು ಐದು ಗಂಟೆ ವೆಂಟಿಲೇಟರ್ ಮೇಲಿದ್ದಳು. ನೀವು ಆರ್ಯವೈಶ್ಯರು ಅಂತ ಮೊದಲೇ ಹೇಳಬೇಕಿತ್ತು ಎಂದರು ಡಾಕ್ಟರು. ಇದೇನು ಕಾಯಿಲೆಯೇ? ಅವಳನ್ನು ನನ್ನ ತಮ್ಮನಿಗೇ ಕೊಟ್ಟಿದ್ದು ತಪ್ಪಾಯಿತೇ? ಕಿರಿಮಗಳಿಗೆ ಗಂಡು ನೋಡುತ್ತಿದ್ದೇವೆ, ಯಾರಿಗೂ ಹೇಳಬೇಡ ಅನ್ನುತ್ತಿದ್ದಾರೆ ಮನೆಯವರು."

ಅಮ್ಮಾ, ಆ ಐದು ಗಂಟೆ ನೀವು ಹೇಗೆ ಕಳೆದಿರೋ. ಮೊದಲು ಸಮಾಧಾನ ಮಾಡಿಕೊಳ್ಳಿ. ಇದು ಕಾಯಿಲೆ ಅಲ್ಲ. ನಿಮ್ಮ ಮಗಳು ಇಷ್ಟು ವರ್ಷ ಆರೋಗ್ಯವಾಗಿದ್ದಳು, ಮುಂದೆಯೂ ಇರುತ್ತಾಳೆ. ಅವಳಿಗೆ ಆಗಿಬರದ್ದು ಕೆಲವು ಔಷಧಿಗಳು ಮಾತ್ರ.

ಆಪರೇಷನ್ ಟೇಬಲ್ ಮೇಲೆ ಉಸಿರಿನ ಕೊಳವೆ ಹಾಕುವ ಮೊದಲು ಸ್ನಾಯುಗಳನ್ನು ಸಡಿಲ ಮಾಡಬೇಕು. ಅದಕ್ಕೆ ಕೊಡುವ ಒಂದು ಇಂಜೆಕ್ಷನ್ ಸಕ್ಸಿನೈಲ್ ಕೋಲೀನ್. ಅರಿವಳಿಕೆ ಡಾಕ್ಟರುಗಳ ಬಾಯಲ್ಲಿ ಅದು 'ಸ್ಕೋಲಿನ್'. ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ, ಐದು-ಹತ್ತು ನಿಮಿಷಕ್ಕೆ ಇಳಿದುಹೋಗುತ್ತದೆ. ತುರ್ತು ಸಿಸೇರಿಯನ್‌ಗೆ ಅದನ್ನು ಹಿಡಿಯುವುದು ಇದೇ ಕಾರಣಕ್ಕೆ.

ಅಷ್ಟು ಬೇಗ ಇಳಿಯುವಂತೆ ಮಾಡುವುದು ನಮ್ಮ ರಕ್ತದಲ್ಲೇ ಇರುವ ಒಂದು ಕಿಣ್ವ, ಬ್ಯುಟೈರಿಲ್ ಕೋಲಿನೆಸ್ಟರೇಸ್. ಪಿತ್ತಜನಕಾಂಗ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸ್ಕೋಲಿನ್ ರಕ್ತಕ್ಕೆ ಇಳಿದ ಕೂಡಲೇ ಈ ಕಿಣ್ವ ಅದರ ಬಹುಪಾಲನ್ನು ಕತ್ತರಿಸಿ ಹಾಕುತ್ತದೆ. ಸ್ನಾಯುವಿನ ತನಕ ತಲುಪುವುದು ಸ್ವಲ್ಪವೇ.

ಕಿಣ್ವ ಹೇಗಿರಬೇಕು ಎಂಬುದು ಬಿಸಿಎಚ್‌ಇ ಎಂಬ ಜೀನ್‌ನಲ್ಲಿ ಬರೆದಿದೆ. ಅದು ಇರುವುದು ಮೂರನೇ ಕ್ರೋಮೋಸೋಮ್ ಮೇಲೆ. ಆರ್ಯವೈಶ್ಯರಲ್ಲಿ ಕಂಡುಬಂದಿರುವ ಬದಲಾವಣೆ ಒಂದೇ ಒಂದು ಅಕ್ಷರದ್ದು. ಕಿಣ್ವದ 307ನೇ ಜಾಗದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಬದಲು ಪ್ರೋಲಿನ್ ಎಂಬ ಇನ್ನೊಂದು ಬಂದು ಕೂರುತ್ತದೆ. ಅಷ್ಟಕ್ಕೇ ಕಿಣ್ವ ಹೆಚ್ಚುಕಡಿಮೆ ಇಲ್ಲದ ಹಾಗಾಗುತ್ತದೆ. ಆಗ ಹತ್ತು ನಿಮಿಷದ ಔಷಧಿ ಗಂಟೆಗಟ್ಟಲೆ ನಿಲ್ಲುತ್ತದೆ. ಅರಿವಳಿಕೆ ಇಳಿದು ಎಚ್ಚರ ಬಂದರೂ ಕೈಕಾಲು ಆಡಿಸಲಾಗದು, ಉಸಿರೂ ಎಳೆಯಲಾಗದು. ಅದಕ್ಕೇ ಮಲಗಿಸಿಯೇ ಇಟ್ಟು, ಔಷಧಿ ತಾನಾಗಿ ಇಳಿಯುವ ತನಕ ವೆಂಟಿಲೇಟರ್‌ನಿಂದ ಉಸಿರಾಡಿಸುತ್ತಾರೆ. ನಿಮ್ಮ ಮಗಳಿಗೆ ಮಾಡಿದ್ದೂ ಅದೇ, ಮಾಡಬೇಕಾದದ್ದೂ ಅದೇ.

ಈಗ ತಮ್ಮನ ಮಾತು. ಈ ಬದಲಾವಣೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕಡೆಯಿಂದ ಬಂದರೆ ಮಾತ್ರ ಇಷ್ಟು ತೊಂದರೆ. ಅಂದರೆ ನಿಮ್ಮ ಮಗಳಿಗೆ ಬಂದದ್ದು ನೀವಿಬ್ಬರು ದಂಪತಿಗಳಿಂದ. ಅವಳನ್ನು ಯಾರಿಗೆ ಕೊಟ್ಟಿರಿ ಅನ್ನುವುದಕ್ಕೂ ಅವಳ ರಕ್ತಕ್ಕೂ ಸಂಬಂಧವೇ ಇಲ್ಲ. ಮಗುವಿನ ಮಾತು ಬೇರೆ. ತಾಯಿಯಿಂದ ಒಂದು ಬಂದೇ ಇದೆ, ನಿಮ್ಮ ತಮ್ಮನಿಂದಲೂ ಬಂದಿದ್ದರೆ ಅದಕ್ಕೂ ಎಚ್ಚರಿಕೆ ಬೇಕು. ಆದರೆ ಸೋದರ ಸಂಬಂಧ ಬಿಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ತಲೆಮಾರಿನ ಹಿಂದಿನ ಕೆಲವೇ ಮನೆತನಗಳಿಂದ ಬೆಳೆದ ಸಮುದಾಯ ಇದು. ಗೋತ್ರ ಬೇರೆಯಾದರೂ, ಊರು ದೂರವಾದರೂ ಆ ಪೂರ್ವಜರಿಂದ ಬಂದ ಜೀನ್‌ಗಳ ಹಳೆಯ ಹಂಚಿಕೆ ಉಳಿದಿರುತ್ತದೆ. 2017ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಮೊದಲಾದ ಕಡೆಯ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಈ ಕಿಣ್ವದ ಕೊರತೆ ಆರ್ಯವೈಶ್ಯರಲ್ಲಿ ಬೇರೆಯವರಿಗಿಂತ ಸುಮಾರು 100 ಪಟ್ಟು ಜಾಸ್ತಿ ಎಂಬುದು ಅದರಲ್ಲಿದೆ. ಅದರಲ್ಲೇ ಇನ್ನೊಂದು ಮಾತಿದೆ, ಅದು ಎಲ್ಲರೂ ಕೇಳಬೇಕಾದ್ದು. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿದಾಗ 81ರಲ್ಲಿ ಇಂಥದೇ ಗಾಢವಾದ ಹಳೆಯ ಹಂಚಿಕೆ ಕಂಡಿತು. ನಿಮ್ಮವರೊಬ್ಬರ ಕಥೆಯಲ್ಲ ಇದು. ನಿಮ್ಮವರದು ಗೊತ್ತಾಗಿದೆ, ಬೇರೆ ಎಷ್ಟೋ ಜನರದು ಇನ್ನೂ ಗೊತ್ತಾಗಬೇಕಿದೆ.

ಡಾಕ್ಟರು ಸಮುದಾಯದ ಮಾತೆತ್ತಿದ್ದು ನಿಮ್ಮ ಮನಸ್ಸಿಗೆ ಚುಚ್ಚಿದೆ ಎಂದು ಪತ್ರದಲ್ಲೇ ಕಾಣುತ್ತದೆ. ಜಾತಿ ಕೇಳಿದರೆ ನಮಗೆಲ್ಲ ಮುಜುಗರವೇ. ಆದರೆ ಈ ಪ್ರಶ್ನೆ ಜೀವ ಕಾಯುವ ಪ್ರಶ್ನೆ. ಕೇಳದಿದ್ದರೆ ನೀವೇ ಹೇಳಿ. ಹೆಸರು ನೋಡಿ ಊಹಿಸುವುದು ಕಷ್ಟ. ಶೆಟ್ಟಿ ಅಂದರೆ ಕರಾವಳಿಯ ಬಂಟರೂ ಆಗಬಹುದು. ಶೆಟ್ಟರು ಅಂದರೆ ಬಣಜಿಗರೂ ಆಗಬಹುದು. ಗುಪ್ತ ಎಂಬ ಹೆಸರು ಉತ್ತರದವರಲ್ಲೂ ಇದೆ.

ಮುಂದೇನು ಮಾಡಬೇಕು? ಇಬ್ಬರು ಹೆಣ್ಣುಮಕ್ಕಳಿಗೂ ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟ ಪರೀಕ್ಷೆ ಮಾಡಿಸಿ. ಅಪರೂಪದ ಪರೀಕ್ಷೆಯೇನಲ್ಲ. ಕ್ರಿಮಿನಾಶಕದ ವಿಷ ಹತ್ತಿ ಬಂದವರಿಗೂ ಇದನ್ನೇ ಮಾಡುತ್ತಾರೆ. ಬಾಣಂತನದಲ್ಲಿ ಈ ಕಿಣ್ವ ಎಲ್ಲರಿಗೂ ಸ್ವಲ್ಪ ಇಳಿದಿರುತ್ತದೆ. ಹಾಗಾಗಿ ಹಿರಿಮಗಳಿಗೆ ಯಾವಾಗ ಮಾಡಿಸಬೇಕು ಎಂದು ಡಾಕ್ಟರನ್ನು ಕೇಳಿ. ಕಿರಿಮಗಳಿಗೂ ಅಕ್ಕನ ಹಾಗೆ ಎರಡೂ ಕಡೆಯಿಂದ ಈ ಬದಲಾವಣೆ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಮೇಲೆ ಒಂದು ಚೀಟಿಯಲ್ಲಿ 'ಸಕ್ಸಿನೈಲ್ ಕೋಲೀನ್, ಮೈವಾಕ್ಯೂರಿಯಂ ಕೊಡಬಾರದು' ಎಂದು ಡಾಕ್ಟರರಿಂದಲೇ ಬರೆಸಿ, ಆಧಾರ್ ಕಾರ್ಡಿನ ಜೊತೆಗೇ ಇಡಿ. ಮೈವಾಕ್ಯೂರಿಯಂ ಕೂಡ ಇದೇ ಕಿಣ್ವದಿಂದ ಇಳಿಯುವ, ಸ್ನಾಯು ಸಡಿಲಿಸುವ ಔಷಧಿ. ಅಳಿಯಂದಿರಿಗೂ ಗೊತ್ತಿರಲಿ. ತುರ್ತಿನಲ್ಲಿ ಮಾತಾಡುವುದು ಜೊತೆಗೆ ಬಂದವರು ತಾನೆ? ಬದಲಿ ಔಷಧಿಗಳು ಇವೆ. ಅಟ್ರಾಕ್ಯೂರಿಯಂ, ರೊಕ್ಯುರೋನಿಯಂ ಮೊದಲಾದವಕ್ಕೆ ಈ ಕಿಣ್ವದ ಹಂಗಿಲ್ಲ.

ಗಂಡಿನ ಮನೆಯವರಿಗೆ ಹೇಳಿ ಎಂದೇ ನನ್ನ ಮಾತು. ಅವರೂ ನಿಮ್ಮವರೇ ಅಲ್ವಾ? ಅವರ ಹುಡುಗನೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ನಾಳೆ ಅವನಿಗೇ ಅಪೆಂಡಿಕ್ಸ್ ಆಪರೇಷನ್ ಬಂದರೆ, ನಿಮ್ಮ ಕಿರಿಮಗಳು ಥಿಯೇಟರ್ ಬಾಗಿಲಲ್ಲಿ ನಿಂತು ಹೇಳುವಂತಿರಲಿ.