ಹಡಗಿನ ಎಣ್ಣೆ, ಟ್ಯಾಂಕರಿನ ಗ್ಯಾಸ್: ತಾಂತ್ರಿಕ ಅವಘಡ ಪರಿಸರದ ಆಪತ್ತಾಗುವುದು ಹೇಗೆ?

ಯಂತ್ರ ಕೆಟ್ಟರೆ, ವಾಹನ ಮಗುಚಿದರೆ ನಷ್ಟ ಮಾಲೀಕನಿಗೆ. ಅದು ಊರಿನ ನೀರು-ನೆಲಕ್ಕೆ ಹೇಗೆ ತಟ್ಟುತ್ತದೆ, ಕಾರವಾರ ಕಡೆಯ ಉದಾಹರಣೆ ಕೊಡಿ ಎಂದು ಕೇಳಿದ್ದೀರಿ. ಎಷ್ಟು ಸೋರಿತು ಅನ್ನುವುದಕ್ಕಿಂತ ಎಲ್ಲಿ, ಯಾವ ಕಾಲದಲ್ಲಿ ಸೋರಿತು ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

2006ರ ಮೇ 30ರಂದು ಕಾರವಾರದ ಕಡಲಲ್ಲಿರುವ ಆಯ್‌ಸ್ಟರ್ ರಾಕ್ ದ್ವೀಪದ ಬಳಿ ಬಂಡೆಗೆ ಬಡಿದ ‘ಓಷನ್ ಸೆರಾಯಾ’ ತೈಲ ಸಾಗಿಸುವ ಹಡಗೇ ಅಲ್ಲ. ಅದರಲ್ಲಿದ್ದ ಸುಮಾರು 650 ಟನ್ ಎಣ್ಣೆ ಅದರದೇ ಎಂಜಿನ್ನಿಗೆ. ತೈಲ ಹಡಗುಗಳ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಆದರೆ ಮಳೆಗಾಲ ಹಿಡಿಯುವ ಹೊತ್ತದು. ಎಣ್ಣೆ ತಡೆಯಲು ತೇಲಿಬಿಡುವ ಬೂಮ್‌ಗೆ ನೇರ ಬಂದು ಬಡಿಯುವ ನೀರಿನ ಸೆಳೆತ ಸೆಕೆಂಡಿಗೆ ಸುಮಾರು 35 ಸೆಂ.ಮೀ. ಮೀರಿದರೆ ಎಣ್ಣೆ ಅಡಿಯಿಂದ ನುಸುಳುತ್ತದೆ; ಅಲೆ ಎದ್ದರಂತೂ ಮೇಲಿನಿಂದಲೇ ದಾಟುತ್ತದೆ. ದಪ್ಪ ಎಣ್ಣೆ ಅಲೆಯಲ್ಲಿ ಕಡೆದು, ನೀರು ಹೀರಿ, ಕಂದು ಲೇಹದಂತಾಗಿ ಮೂರು-ನಾಲ್ಕು ಪಟ್ಟು ಉಬ್ಬುತ್ತದೆ. ಆಮೇಲೆ ಪಂಪು ಎಳೆಯುವುದು ಕಷ್ಟ, ಚದುರಿಸುವ ರಾಸಾಯನಿಕ ಸಿಂಪಡಿಸಿದರೂ ಹೆಚ್ಚು ಉಪಯೋಗವಿಲ್ಲ.

ದಡಕ್ಕೆ ಬಂದ ಮೇಲೆ ಜೆಸಿಬಿ ಇಳಿಸುವ ಅವಸರ ಬೇಡ. ಚಕ್ರ ಎಣ್ಣೆಯನ್ನು ಮರಳಿನೊಳಕ್ಕೆ ಒತ್ತುತ್ತದೆ, ಒಳ್ಳೆಯ ಮರಳೂ ಕಸವಾಗುತ್ತದೆ. ಚಪ್ಪಟೆ ಸಲಿಕೆಯಿಂದ ಮೇಲ್ಪದರವನ್ನಷ್ಟೇ ಕೆರೆದು, ಚೀಲಕ್ಕೆ ಅರ್ಧ ಮಾತ್ರ ತುಂಬಿ (ಒದ್ದೆ ಮರಳಿನ ತೂಕಕ್ಕೆ ತುಂಬಿದ ಚೀಲ ಹರಿಯುತ್ತದೆ), ಭರತದ ನೀರು ಮುಟ್ಟದ ಜಾಗದಲ್ಲಿ ಪ್ಲಾಸ್ಟಿಕ್ ಹಾಸಿನ ಮೇಲೆ ಇಡಬೇಕು.

ನಿಜವಾದ ಭಯ ಇರುವುದು ಕಾಳಿ ನದಿಯ ಅಳಿವೆಯಲ್ಲಿರುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ. ಕೆಸರಿನಿಂದ ಮೇಲೆದ್ದ ಉಸಿರುಬೇರಿನ ಸಣ್ಣ ರಂಧ್ರಗಳಿಗೆ ಎಣ್ಣೆ ಮೆತ್ತಿಕೊಂಡರೆ ಬೇರಿಗೆ ಗಾಳಿಯಿಲ್ಲ, ಗಿಡ ಸಾಯುತ್ತದೆ. ಸ್ವಚ್ಛ ಮಾಡುತ್ತೇವೆಂದು ಜನ ಇಳಿದು ತುಳಿದರೆ ಎಣ್ಣೆ ಇನ್ನೂ ಆಳಕ್ಕೆ ಹೋಗುತ್ತದೆ. ಹಾಗಾಗಿ ಬೂಮನ್ನು ಅಳಿವೆ ಬಾಯಿಗೆ ಅಡ್ಡ ಕಟ್ಟದೆ ಓರೆಯಾಗಿ ಕಟ್ಟಿ, ಎಣ್ಣೆಯನ್ನು ಬೇಕೆಂದೇ ಮರಳು ದಂಡೆಗೆ ತಿರುಗಿಸುವುದು ಲೇಸು. ಮರಳನ್ನು ಕೆರೆದು ತೆಗೆಯಬಹುದು, ಕಾಂಡ್ಲಾ ಕೆಸರನ್ನು ಆಗದು. ಪ್ರವಾಸಿಗರ ಬೀಚು ಕೆಡುತ್ತದೆಂದು ಗೊಣಗುವವರು ಇದ್ದೇ ಇರುತ್ತಾರೆ.

ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರದೂ ಇದೇ ಕಥೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗ್ಯಾಸ್ ಟ್ಯಾಂಕರೊಂದು ಗಂಗಾವಳಿ ನದಿಗೇ ಹೋಯಿತು. ಟ್ಯಾಂಕರಿನಲ್ಲಿ ದೋಷವಿರಲಿಲ್ಲ, ರಸ್ತೆಗಾಗಿ ಕಡಿದ ಗುಡ್ಡ, ಅದರ ಮೇಲೆ ಸುರಿದ ಮಳೆ. ಎಲ್‌ಪಿಜಿ ಗಾಳಿಗಿಂತ ಭಾರ, ಗಟಾರ-ತಗ್ಗು ಹಿಡಿದು ಹರಿದು ದೂರದ ಒಲೆಗೂ ಮುಟ್ಟುತ್ತದೆ. ಅದನ್ನು ಚದುರಿಸಲು ಅಗ್ನಿಶಾಮಕದವರು ನೀರನ್ನು ತುಂತುರಾಗಿ ಹೊಡೆಯುತ್ತಾರೆ. ಕ್ಲೋರಿನ್ ಸಿಲಿಂಡರ್ ಸೋರಿದರೆ ಮಾತ್ರ ಸೋರುವ ಜಾಗಕ್ಕೆ ನೀರು ಹಾಕಲೇಬಾರದು: ಆಮ್ಲ ಹುಟ್ಟಿ ಲೋಹ ತಿಂದು ತೂತು ದೊಡ್ಡದಾಗುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿದು ಎತ್ತರದ ಜಾಗ ಹಿಡಿಯಿರಿ, ಹಳ್ಳದ ಕಡೆ ಇಳಿಯಬೇಡಿ.